ಶೋಕೇಸಿನ ಬೆನ್ನಿಗೊಂದು ಬೆಳಕಿಂಡಿ

ಏಪ್ರಿಲ್ ಬಂತೆಂದರೆ ಕೂಡ್ಲಿಗಿ ಸೀಮೆಯ ಮನೆಗಳಲ್ಲಿ ಹಾಡು ನಡುವೆಯೇ ನಿಲ್ಲುತ್ತದೆ. ಕರೆಂಟ್ ಇರುತ್ತದೆ, ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿರುತ್ತದೆ, ದನಿ ಮಾತ್ರ ಇಲ್ಲ. ಹತ್ತು ಹದಿನೈದು ನಿಮಿಷ ಕಳೆದರೆ ತಾನಾಗಿಯೇ ಮತ್ತೆ ಹಾಡುತ್ತದೆ. ಮನೆಯವರು ವೋಲ್ಟೇಜನ್ನು ಬೈಯುತ್ತಾರೆ, ವೈರು ಲೂಸಾಗಿದೆ ಎನ್ನುತ್ತಾರೆ, ಕೊನೆಗೆ ಸೆಟ್ಟನ್ನು ಹೊತ್ತು ರಿಪೇರಿ ಅಂಗಡಿಗೆ ಹೋಗುತ್ತಾರೆ. ಅಂಗಡಿಯ ಮೇಜಿನ ಮೇಲೆ, ಸುತ್ತ ಗಾಳಿಯಾಡುವ ಜಾಗದಲ್ಲಿ ಅದು ದಿನವಿಡೀ ಸರಿಯಾಗಿ ಹಾಡುತ್ತದೆ. ಮನೆಗೆ ತಂದು ಶೋಕೇಸಿನೊಳಗೆ ಇಟ್ಟ ಮರುದಿನ ಮತ್ತದೇ ಪಾಡು.

ಇಂಥ ಸೆಟ್ಟಿನಲ್ಲಿ ಕೆಟ್ಟಿರುವುದು ಬಹುಪಾಲು ಏನೂ ಇರುವುದಿಲ್ಲ. ನಮ್ಮ ತಾಲ್ಲೂಕು ಊರುಗಳಲ್ಲಿ ಜೋಡಿಸಿ ಮಾರುತ್ತಿದ್ದ ಆಂಪ್ಲಿಫೈಯರುಗಳಲ್ಲೂ, ಅಗ್ಗದ ಹೋಂ ಥಿಯೇಟರುಗಳಲ್ಲೂ ಟಿಡಿಎ 2030ರಂಥ ಐ.ಸಿ.ಗಳೇ ಹೆಚ್ಚು. ಅದರ ಸಿಲಿಕಾನ್ ತುಣುಕು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಐ.ಸಿ. ತನ್ನನ್ನು ತಾನೇ ತಡೆದುಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಕೆಲಸ ಶುರುಮಾಡುತ್ತದೆ. ತಯಾರಕರೇ ಒಳಗಿಟ್ಟ ರಕ್ಷಣೆ ಅದು. ಅದು ಪದೇಪದೇ ಕೆಲಸ ಮಾಡುತ್ತಿದೆ ಎಂದರೆ ಸೆಟ್ಟಿಗೆ ಉಸಿರಾಡಲು ಜಾಗವಿಲ್ಲ. ರಿಪೇರಿ ಬೇಕಾಗಿರುವುದು ಪೆಟ್ಟಿಗೆಗೆ.

ಆ ಪೆಟ್ಟಿಗೆ ಹೇಗಿರುತ್ತದೆ ಎಂದು ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಪಡಸಾಲೆಯ ಒಂದು ಗೋಡೆಯ ತುಂಬ ನಿಂತ ಶೋಕೇಸ್. ನಡುವೆ ಟಿ.ವಿ., ಅದರ ಕೆಳಗೆ ಗಾಜಿನ ಬಾಗಿಲಿನ ಖಾನೆಯಲ್ಲಿ ಆಂಪ್ಲಿಫೈಯರು, ಡೆಕ್ಕು, ಸೆಟ್‌ಟಾಪ್ ಬಾಕ್ಸು. ಮೇಲಿನ ಖಾನೆಗಳಲ್ಲಿ ಮದುವೆಯ ಫೋಟೊ, ಮಕ್ಕಳ ಬಹುಮಾನದ ಕಪ್ಪುಗಳು, ಕೊಟ್ಟೂರೇಶ್ವರನ ಪಟ, ಸಾಲಾಗಿ ನಿಲ್ಲಿಸಿದ ಕ್ಯಾಸೆಟ್ಟುಗಳು. ಹಿಂಬದಿಗೆ ಪ್ಲೈವುಡ್ ಹೊಡೆದು ಗೋಡೆಗೆ ಹಚ್ಚಿ ಕೂಡಿಸಿರುತ್ತಾರೆ. ಕೆಲವು ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ಗೂಡು ಬಿಟ್ಟು, ಅದಕ್ಕೆ ಚೌಕಟ್ಟು, ಬಾಗಿಲು ಹಚ್ಚಿಸಿರುತ್ತಾರೆ. ಅಲ್ಲಿ ಬೆನ್ನು ಕಲ್ಲು ಇಲ್ಲವೇ ಇಟ್ಟಿಗೆ. ಎಲ್ಲವೂ ಎದುರಿನಿಂದ ನೋಡಲೆಂದೇ ಮಾಡಿದ್ದು. ಗಾಳಿ ಹಿಂದಿನಿಂದ ಹೋಗಬೇಕು, ರಿಪೇರಿಯವನ ಕೈಯೂ ಹಿಂದಿನಿಂದಲೇ ಹೋಗಬೇಕು ಎಂಬ ಲೆಕ್ಕ ಅದರಲ್ಲಿ ಇರುವುದಿಲ್ಲ. ಗಾಳಿ ಹೋಗದಿರುವುದು, ಕೈ ಹೋಗದಿರುವುದು ಎರಡೂ ಒಂದೇ ತಪ್ಪಿನ ಎರಡು ಮುಖ ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ. ಒಂದನ್ನು ಸರಿಮಾಡಲು ಹೊರಟರೆ ಇನ್ನೊಂದು ಅರ್ಧ ಸರಿಯಾಗಿಬಿಡುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಮನೆಯಲ್ಲಿ ಮಾತುಕತೆಗೆ ಅಡ್ಡಿಯಾಗದಷ್ಟು ಸದ್ದಿನಲ್ಲಿ ಹಾಡು ಕೇಳುವಾಗ ಸ್ಪೀಕರಿಗೆ ಹೋಗುವುದು ಒಂದು ಎರಡು ವ್ಯಾಟ್ ಅಷ್ಟೇ. ಆದರೆ ಟ್ರಾನ್ಸ್‌ಫಾರ್ಮರು, ಔಟ್‌ಪುಟ್ ಟ್ರಾನ್ಸಿಸ್ಟರುಗಳು, ಡೆಕ್ಕಿನ ಮೋಟಾರು, ಸೆಟ್‌ಟಾಪ್ ಬಾಕ್ಸು ಸೇರಿ ಗೋಡೆಯ ಪ್ಲಗ್ಗಿನಿಂದ 50–60 ವ್ಯಾಟ್ ಎಳೆಯುತ್ತಿರುತ್ತವೆ. ಉಳಿದದ್ದೆಲ್ಲ ಬಿಸಿಯಾಗಿ ಆ ಖಾನೆಯೊಳಗೇ ಉಳಿಯುತ್ತದೆ. ಹಳೆಯ ಮಾದರಿಯ ಆಂಪ್ಲಿಫೈಯರುಗಳು ಪೂರ್ತಿ ಸದ್ದಿನಲ್ಲಿದ್ದಾಗಲೂ ಎಳೆದ ವಿದ್ಯುತ್ತಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚನ್ನು ಮಾತ್ರ ದನಿಗೆ ಕೊಡಬಲ್ಲವು; ಸಣ್ಣ ಸದ್ದಿನಲ್ಲಿ ಈ ಪಾಲು ಇನ್ನೂ ಕಡಿಮೆ. ಈಚಿನ ಡಿ ದರ್ಜೆಯ ಆಂಪ್ಲಿಫೈಯರುಗಳು ಶೇ 90ರ ಹತ್ತಿರ ಹೋಗುತ್ತವೆ, ಹಾಗಾಗಿ ಅಷ್ಟು ಕಾಯುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಪ್ರೀತಿಯಿಂದ ಉಳಿಸಿಕೊಂಡಿರುವವು ಹಳೆಯವೇ.

ಅನೇಕ ಸೆಟ್ಟುಗಳ ಕೈಪಿಡಿಯಲ್ಲಿ ಸುತ್ತಲಿನ ಗಾಳಿ 35 ಇಲ್ಲವೇ 40 ಡಿಗ್ರಿ ಮೀರಬಾರದು ಎಂದು ಬರೆದಿರುತ್ತದೆ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ ಬಯಲೇ 40ರ ಸುತ್ತ ಇರುತ್ತದೆ. ಆರ್‌ಸಿಸಿ ತಾರಸಿಯ ಮನೆಯಾದರೆ ಹಗಲು ಕುಡಿದ ಬಿಸಿಲನ್ನು ರಾತ್ರಿ ಹತ್ತರವರೆಗೂ ಕಾರುತ್ತದೆ. ಅಂದರೆ ಸೆಟ್ಟು ಆನ್ ಮಾಡುವ ಮೊದಲೇ ಅದರ ಮಿತಿ ಮುಟ್ಟಿರುತ್ತದೆ. ಅದರ ಮೇಲೆ ಮುಚ್ಚಿದ ಖಾನೆಯ 15–20 ಡಿಗ್ರಿ ಸೇರಿದರೆ ಒಳಗೆ ಐವತ್ತು ದಾಟುವುದು ಸುಲಭ.

ಐ.ಸಿ. ತನ್ನನ್ನು ತಾನು ಉಳಿಸಿಕೊಳ್ಳುತ್ತದೆ. ಉಳಿಸಿಕೊಳ್ಳಲಾಗದ್ದು ಕೆಪಾಸಿಟರು. ವಿದ್ಯುತ್ತನ್ನು ಸಮ ಮಾಡುವ ಡಬ್ಬಿಯಾಕಾರದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ದ್ರವವಿದೆ, ಕಾವಿಗೆ ಅದು ಒಣಗುತ್ತ ಹೋಗುತ್ತದೆ. ರಿಪೇರಿಯವರೆಲ್ಲ ಬಲ್ಲ ಒಂದು ಲೆಕ್ಕ ಇದೆ: ಹತ್ತು ಡಿಗ್ರಿ ಇಳಿಸಿದರೆ ಅದರ ಆಯುಸ್ಸು ಎರಡರಷ್ಟು. 85 ಡಿಗ್ರಿಯಲ್ಲಿ 2000 ಗಂಟೆ ಬಾಳುತ್ತದೆ ಎಂದು ತಯಾರಕರು ಹೇಳುವ ಕೆಪಾಸಿಟರು 65 ಡಿಗ್ರಿಯಲ್ಲಿ 8000 ಗಂಟೆ, 55ರಲ್ಲಿ 16000 ಗಂಟೆ ಬಾಳಬೇಕು. ದಿನಕ್ಕೆ ನಾಲ್ಕು ಗಂಟೆ ಹಾಡು ಕೇಳುವ ಮನೆಯಲ್ಲಿ ಇದು ಐದೂವರೆ ವರ್ಷಕ್ಕೂ ಹನ್ನೊಂದು ವರ್ಷಕ್ಕೂ ಇರುವ ವ್ಯತ್ಯಾಸ. ಪೆಟ್ಟಿಗೆಯ ಬೆನ್ನಿಗೆ ಎರಡು ಸೀಳು ಕೊಯ್ದರೆ ಸಿಗುವ ಲಾಭ ಇಷ್ಟು ದೊಡ್ಡದು.

ಈ ಸೀಮೆಯ ಹಿರಿಯರಿಗೆ ಇದು ಹೊಸ ವಿದ್ಯೆಯಾಗಿರಲಿಲ್ಲ. ಹಳೆಯ ಮಾಳಿಗೆ ಮನೆಗಳನ್ನು ನೋಡಿ. ತೊಲೆ, ಜಂತಿ, ಮೇಲೆ ಮಣ್ಣಿನ ಮುದ್ದೆ; ಗೋಡೆಗೆ ಕಿಟಕಿ ಇದ್ದರೂ ಸಣ್ಣದು. ಆದರೆ ಮಾಳಿಗೆಯ ನಡುವೆ ಬೆಳಕಿಂಡಿ. ಹೆಸರು ಬೆಳಕಿನದ್ದಾದರೂ ಅದು ಬಿಸಿಗಾಳಿಯ ದಾರಿಯೂ ಹೌದು. ಒಲೆಯ ಹೊಗೆ, ಜನರ ಮೈಯ ಕಾವು ಮೇಲೇರಿ ಅಲ್ಲಿಂದ ಹೊರಬೀಳುತ್ತಿತ್ತು, ಬಾಗಿಲಿನ ಕೆಳಗಿನಿಂದ ತಂಪು ಗಾಳಿ ಒಳಗೆ ಬರುತ್ತಿತ್ತು. ಕೆಳಗೊಂದು ದಾರಿ, ಮೇಲೊಂದು ದಾರಿ, ನಡುವೆ ಎತ್ತರ. ಶೋಕೇಸಿಗೂ ಬೇಕಾಗಿರುವುದು ಇಷ್ಟೇ.

ವಾಲ್ವ್ ರೇಡಿಯೊ ಮಾಡಿದವರೂ ಇದನ್ನು ಮರೆತಿರಲಿಲ್ಲ. ಆಗ ಬಳ್ಳಾರಿ ಜಿಲ್ಲೆಯಲ್ಲಿದ್ದ ನಮ್ಮ ತಾಲ್ಲೂಕುಗಳು 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯಕ್ಕೆ ಸೇರಿದ್ದವು. ಆದರೆ 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದ ಮೇಲೆ ರೇಡಿಯೊ ಇದ್ದ ಮನೆಗಳ ಕಿವಿ ಆ ಕಡೆಗೆ ತಿರುಗಿತು. ಅಂಚೆ ಕಚೇರಿಯಲ್ಲಿ ಪರವಾನಗಿಯ ದುಡ್ಡು ಕಟ್ಟಿ ಮರ್ಫಿ, ಫಿಲಿಪ್ಸ್ ಸೆಟ್ಟುಗಳನ್ನು ಇಟ್ಟುಕೊಂಡಿದ್ದ ಕಾಲ. ಸೆಟ್ಟಿನೊಳಗೆ ಐದಾರು ವಾಲ್ವುಗಳು ಕೆಂಪಗೆ ಕಾಯುತ್ತಿದ್ದವು. ಇಎಲ್ 84 ಎಂಬ ಒಂದು ಔಟ್‌ಪುಟ್ ವಾಲ್ವಿನ ಹೀಟರಿಗೇ ಸುಮಾರು 4.8 ವ್ಯಾಟ್ ಬೇಕು. ದನಿ ಹುಟ್ಟುವ ಮೊದಲೇ ಅಷ್ಟು ಕಾವು. ಅದಕ್ಕೇ ಆ ರೇಡಿಯೊಗಳ ಬೆನ್ನಿಗೆ ಗಟ್ಟಿ ಹಲಗೆಯಿರುತ್ತಿರಲಿಲ್ಲ. ಸಾಲುಸಾಲಾಗಿ ತೂತು ಕೊರೆದ ತೆಳುವಾದ ಅಟ್ಟೆಯಿರುತ್ತಿತ್ತು, ನಾಲ್ಕು ಸ್ಕ್ರೂ ಬಿಚ್ಚಿದರೆ ಅದು ಕೈಗೆ ಬರುತ್ತಿತ್ತು. ಗಾಳಿಗೂ ಕೈಗೂ ಒಂದೇ ಬಾಗಿಲು. ಅದಕ್ಕೂ ಹಿಂದೆ, 1906ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಗ್ರಾಮೊಫೋನಿನ ಕಹಳೆಯನ್ನು ಪೆಟ್ಟಿಗೆಯೊಳಗೆ ಮಡಚಿಟ್ಟು ವಿಕ್ಟ್ರೋಲಾ ಎಂಬ ಪೀಠೋಪಕರಣ ಮಾಡಿತು. ಅದಕ್ಕೆ ಕೀಲಿ ಕೊಟ್ಟು ತಿರುಗಿಸುವ ಸ್ಪ್ರಿಂಗು, ಕಾವಿನ ಮಾತೇ ಇಲ್ಲ. ಪಡಸಾಲೆಯ ಚಂದಕ್ಕೆಂದು ದನಿಯನ್ನು ಮರದೊಳಗೆ ಅಡಗಿಸುವ ಆಸೆ ಅಲ್ಲಿಂದಲೇ ಬೆಳೆದು ಬಂತು. ಮುಂದೆ ವಿದ್ಯುತ್ತು ಬಂದಾಗ ಆಸೆ ಹಾಗೇ ಉಳಿಯಿತು, ಕಾವು ಮಾತ್ರ ಹೊಸದಾಗಿ ಸೇರಿಕೊಂಡಿತು.

ಕೊಟ್ಟೂರಿನ ನಮ್ಮ ಮನೆಯ ಶೋಕೇಸಿಗೆ ಕೈ ಹಚ್ಚಿದ ಬಡಿಗೇರರು ಮೊದಲು ಗರಗಸ ತೆಗೆಯಲಿಲ್ಲ. ಖಾನೆಯೊಳಗೆ ತೋಳು ತೂರಿಸಿ ಹಿಂದಿನ ಹಲಗೆ ಮುಟ್ಟಿ ನೋಡಿದರು. "ಹಿಂದ್ಗಡಿ ಗ್ವಾಡಿಗೆ ಹಚ್ಚಿ ಕೂಡ್ಸೀರಿ. ಮುಂದ ಗ್ಲಾಸು. ಗಾಳಿ ಎಲ್ಲಿಂದ ಬರ್ಬೇಕ್ರೀ ಸರ, ಎಲ್ಲಿಂದ ಹೋಗ್ಬೇಕ್ರೀ?" ಎಂದರು. ಅವರ ಎರಡನೆಯ ಮಾತು ಇನ್ನೂ ಮುಖ್ಯ: "ಮೊದ್ಲು ಇದನ್ನ ಗ್ವಾಡಿ ಬಿಡ್ಸಾಣು. ಕೆತ್ತೋದು ಆಮ್ಯಾಲೆ." ಮೂರು ನಾಲ್ಕು ಇಂಚು ಮುಂದೆ ಎಳೆದು ನಿಲ್ಲಿಸಿದರು. ಹಿಂದೆ ತೂತು ಕೊರೆದರೂ ಅದು ಗೋಡೆಗೆ ಮುಖ ಕೊಟ್ಟು ಕೂತರೆ ಪ್ರಯೋಜನವಿಲ್ಲ.

ಸೀಳು ಎಷ್ಟು ದೊಡ್ಡದಿರಬೇಕು ಎಂಬುದಕ್ಕೆ ಅಂದಾಜು ಬೇಡ, ಲೆಕ್ಕವೇ ಇದೆ. ಖಾನೆಯೊಳಗೆ 60 ವ್ಯಾಟ್ ಕಾವು ಹುಟ್ಟುತ್ತಿದೆ, ಒಳಗಿನ ಗಾಳಿ ಕೋಣೆಗಿಂತ ಹತ್ತು ಡಿಗ್ರಿ ಮಾತ್ರ ಹೆಚ್ಚು ಬಿಸಿಯಾಗಬೇಕು ಎಂದಿಟ್ಟುಕೊಂಡರೆ ಸೆಕೆಂಡಿಗೆ ಸುಮಾರು 5 ಲೀಟರ್ ಗಾಳಿ ಓಡಾಡಬೇಕು. ಕೆಳಗಿನ ಸೀಳಿಗೂ ಮೇಲಿನ ಸೀಳಿಗೂ ನಡುವೆ ಅರ್ಧ ಮೀಟರ್ ಎತ್ತರವಿದ್ದರೆ, ಫ್ಯಾನಿನ ಹಂಗಿಲ್ಲದೆ ಅಷ್ಟು ಗಾಳಿ ತಾನಾಗಿ ಹರಿಯಲು ಒಂದೊಂದು ಸೀಳೂ 200 ಚದರ ಸೆಂಟಿಮೀಟರಿಗಿಂತ ಕಡಿಮೆಯಿರಬಾರದು. ಬಡಗಿಯ ಭಾಷೆಯಲ್ಲಿ ಹದಿನಾರು ಇಂಚು ಉದ್ದ, ಎರಡು ಇಂಚು ಅಗಲ. ಆದರೆ ಬರಿಯ ಸೀಳು ಬಿಡುವ ಹಾಗಿಲ್ಲ, ಜಾಲರಿ ಹಾಕಲೇಬೇಕು. ಜಾಲರಿಯ ತಂತಿ ಅರ್ಧ ಜಾಗ ತಿನ್ನುತ್ತದೆ. ಹಾಗಾಗಿ ಹದಿನಾರಕ್ಕೆ ನಾಲ್ಕು ಇಂಚು ಎಂದೇ ಕೊಯ್ಯಿಸಬೇಕು. ಎತ್ತರ ಕಡಿಮೆಯಿರುವ ಖಾನೆಗೆ ಇನ್ನೂ ಅಗಲ ಬೇಕು. ಗಾಳಿಯನ್ನು ಎಳೆಯುವ ಶಕ್ತಿ ಇರುವುದೇ ಎತ್ತರದಲ್ಲಿ. ನಾಲ್ಕಾರು ಸಣ್ಣ ತೂತು ಕೊರೆದು ಆಯಿತೆಂದುಕೊಳ್ಳುವವರು ಬಹಳ ಜನ. ಒಂದು ಇಂಚಿನ ತೂತು ಐದು ಚದರ ಸೆಂಟಿಮೀಟರ್ ಮಾತ್ರ. 200 ಆಗಬೇಕಾದರೆ ಅಂಥವು ನಲವತ್ತು ಬೇಕು.

ಜಾಲರಿಯ ಮಾತು ಬಂತು. ಈ ಸೀಮೆಯಲ್ಲಿ ಗಾಳಿಯ ಜೊತೆ ಧೂಳು ಬರುತ್ತದೆ. ಕೂಡ್ಲಿಗಿ, ಕೊಟ್ಟೂರು ಕಡೆ ಕೆಂಪು ಮಸಾರಿ ಮಣ್ಣಿನದು, ತುಂಗಭದ್ರೆಯ ಕಡೆ ಹೋದಂತೆ ಎರೆ ಮಣ್ಣಿನದು. ಆಷಾಢದ ಗಾಳಿಗೆ ಕಿಟಕಿ ಮುಚ್ಚಿದರೂ ಬೆಳಗಾಗುವಷ್ಟರಲ್ಲಿ ಟಿ.ವಿ. ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು. ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ಕೂತರೆ ಕಾವು ಹೊರಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಕಾಟ ಹಲ್ಲಿಯದು. ಬೆಚ್ಚಗಿನ ಜಾಗ ಹುಡುಕಿಕೊಂಡು ಸೆಟ್ಟಿನೊಳಗೆ ನುಗ್ಗಿ, ಎರಡು ತಾಮ್ರದ ಗೆರೆಗಳ ನಡುವೆ ಮೈ ಚಾಚಿದರೆ ಅದೂ ಹೋಯಿತು, ಸೆಟ್ಟೂ ಹೋಯಿತು. ಸೊಳ್ಳೆ ಪರದೆಯ ಜಾಲರಿ ಹಲ್ಲಿಯನ್ನು ತಡೆಯುತ್ತದೆ, ಆದರೆ ತಿಂಗಳಲ್ಲೇ ಧೂಳು ಕಟ್ಟಿ ಗೋಡೆಯಾಗಿಬಿಡುತ್ತದೆ. ಎರಡು ಮೂರು ಮಿಲಿಮೀಟರ್ ಕಣ್ಣಿನ ಲೋಹದ ಜಾಲರಿ ಒಳ್ಳೆಯದು. ಅದನ್ನು ಮೊಳೆ ಹೊಡೆದು ಕೂರಿಸಬಾರದು. ತೆಳುವಾದ ಮರದ ಚೌಕಟ್ಟಿಗೆ ಬಿಗಿದು, ಆ ಚೌಕಟ್ಟನ್ನು ಆಯಸ್ಕಾಂತದ ಕ್ಯಾಚಿನಲ್ಲಿ ಸಿಕ್ಕಿಸಬೇಕು. ಎಳೆದರೆ ಬರಬೇಕು, ನೀರಲ್ಲಿ ಜಾಡಿಸಿ ಒಣಗಿಸಿ ಮತ್ತೆ ಸಿಕ್ಕಿಸಲು ಬರಬೇಕು.

ಮುಂದಿನ ಗಾಜಿನ ಬಾಗಿಲನ್ನು ತೆಗೆದುಹಾಕಿಬಿಡಿ ಎಂದು ನಾನು ಹೇಳುವುದಿಲ್ಲ. ಧೂಳಿಗೆ, ಚಿಕ್ಕ ಮಕ್ಕಳ ಕೈಗೆ ಅದು ಬೇಕು. ಬಾಗಿಲಿನ ಕೆಳಗೆ ಒಂದು ಬೆರಳಗಲ ಸಂದಿ ಬಿಡಿಸಿದರೆ ಕೆಳಗಿನ ದಾರಿಗೆ ಅದೂ ಕೂಡಿಕೊಳ್ಳುತ್ತದೆ. ನಡುವಿನ ಹಲಗೆಗಳ ಮಾತು ಬೇರೆ. ಆಂಪ್ಲಿಫೈಯರಿನ ಮೇಲಿನ ಹಲಗೆ ಹಿಂದಿನವರೆಗೂ ಪೂರ್ತಿ ಹೋಗಿದ್ದರೆ ಬಿಸಿಗಾಳಿ ಅಲ್ಲೇ ತಡೆದು ನಿಲ್ಲುತ್ತದೆ. ಹಲಗೆಯ ಹಿಂದಿನ ಅಂಚನ್ನು ಎರಡು ಇಂಚು ಕೊಯ್ದು ತೆಗೆದರೆ ಇಡೀ ಶೋಕೇಸಿನ ಬೆನ್ನುದ್ದಕ್ಕೂ ಗಾಳಿಗೆ ದಾರಿಯಾಗುತ್ತದೆ, ವೈರುಗಳಿಗೂ ಅದೇ ದಾರಿ. ಸೆಟ್ಟಿನ ತಲೆಯ ಮೇಲೆ ನಾಲ್ಕು ಇಂಚು ಖಾಲಿ ಇರಲಿ. ಒಂದರ ಮೇಲೊಂದು ಸೆಟ್ಟು ಪೇರಿಸಲೇಬೇಕಾದರೆ ಕಡಿಮೆ ಕಾಯುವುದು ಕೆಳಗೆ, ಆಂಪ್ಲಿಫೈಯರು ಎಲ್ಲಕ್ಕಿಂತ ಮೇಲೆ.

ಮನೆಯ ಹೆಣ್ಣುಮಕ್ಕಳು ಕ್ರೋಶಾ ಹಾಕಿದ ಬಟ್ಟೆಯನ್ನು ಸೆಟ್ಟಿನ ಮೇಲೆ ಹೊದಿಸುವುದು ನಮ್ಮಲ್ಲಿ ಹಳೆಯ ರೂಢಿ. ಆ ಕೈಕೆಲಸದ ಅಂದ ನನಗೂ ಇಷ್ಟ. ಆದರೆ ಸೆಟ್ಟಿನ ಮೇಲ್ಭಾಗದ ಸೀಳುಗಳು ಬಿಸಿ ಹೊರಹೋಗಲೆಂದೇ ಇವೆ. ಬಟ್ಟೆಯನ್ನು ಶೋಕೇಸಿನ ತಲೆಯ ಮೇಲೆ ಹಾಸಿ, ಅಲ್ಲಿ ಎಲ್ಲರಿಗೂ ಕಾಣುತ್ತದೆ. ಹೂವು, ಊದುಬತ್ತಿ, ದೀಪ ಯಾವುದೂ ಸೆಟ್ಟಿನ ಮೇಲೆ ಬೇಡ.

ಎಷ್ಟು ಸೀಳು ಕೊಯ್ದರೂ ಬೇಸಿಗೆಯಲ್ಲಿ ಸಾಲದೆ ಹೋಗಬಹುದು. ಆಗ ಫ್ಯಾನು. ಕಂಪ್ಯೂಟರಿನಲ್ಲಿರುವ 120 ಮಿಲಿಮೀಟರಿನ 12 ವೋಲ್ಟ್ ಫ್ಯಾನು ಪೂರ್ತಿ ವೇಗದಲ್ಲಿ ನಮಗೆ ಬೇಕಾದ 5 ಲೀಟರಿನ ನಾಲ್ಕು ಪಟ್ಟು ಗಾಳಿ ಎಳೆಯಬಲ್ಲದು. ಅಷ್ಟು ಬೇಕಿಲ್ಲ, ಅದರ ಗುಂಯ್‌ಗುಟ್ಟುವಿಕೆ ಹಾಡಿಗೆ ಅಡ್ಡ ಬರುತ್ತದೆ. ಏಳು ಇಲ್ಲವೇ ಒಂಬತ್ತು ವೋಲ್ಟಿನ ಅಡಾಪ್ಟರು ಕೊಟ್ಟರೆ ನಿಧಾನ ತಿರುಗುತ್ತದೆ, ಎರಡಡಿ ದೂರದಲ್ಲಿ ಕೇಳಿಸುವುದೂ ಇಲ್ಲ. ಫ್ಯಾನು ಮೇಲಿನ ಸೀಳಿನಲ್ಲಿ, ಹೊರಕ್ಕೆ ಊದುವಂತೆ ಕೂರಬೇಕು. ಸ್ಕ್ರೂಗಳ ಕೆಳಗೆ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಇಟ್ಟರೆ ಅದರ ನಡುಕ ಮರಕ್ಕೆ ಇಳಿಯುವುದಿಲ್ಲ. ಖಾನೆಯ ಮೇಲ್ಭಾಗಕ್ಕೆ 45 ಡಿಗ್ರಿಯಲ್ಲಿ ಕೂಡಿಕೊಳ್ಳುವ ಸಣ್ಣ ಉಷ್ಣ ಸ್ವಿಚ್ಚನ್ನು ಜೋಡಿಸಿದರೆ ಬೇಕಾದಾಗ ಮಾತ್ರ ಓಡುತ್ತದೆ. ಪುಸ್ತಕಗಳಲ್ಲಿ 35, 40 ಎಂದು ಬರೆದಿರುತ್ತದೆ. ಹಗರಿಬೊಮ್ಮನಹಳ್ಳಿಯ ಮೇ ತಿಂಗಳಿಗೆ ಆ ಲೆಕ್ಕ ಹೊಂದುವುದಿಲ್ಲ, ಅಲ್ಲಿ ಕೋಣೆಯ ಗಾಳಿಯೇ ಸ್ವಿಚ್ ಹಾಕಿಬಿಡುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಸುಲಭ. ಹೊಗೆಯಾಡುವ ಊದುಬತ್ತಿಯನ್ನು ಕೆಳಗಿನ ಸೀಳಿನ ಹತ್ತಿರ ಹೊರಗಿನಿಂದ ಹಿಡಿಯಿರಿ. ಒಂದು ಗಂಟೆ ಹಾಡಿದ ಸೆಟ್ಟಾದರೆ ಹೊಗೆ ಒಳಕ್ಕೆ ಎಳೆದುಕೊಳ್ಳಬೇಕು, ಸ್ವಲ್ಪ ಹೊತ್ತಿಗೆ ಮೇಲಿನಿಂದ ಘಮ ಬರಬೇಕು. ಅಲ್ಲೇ ಸುಳಿದಾಡಿದರೆ ದಾರಿ ಎಲ್ಲೋ ಕಟ್ಟಿದೆ.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಅನಾಹುತವಾಗುತ್ತದೆ. ಗಾಳಿ ಬೇಕಾಗಿರುವುದು ಆಂಪ್ಲಿಫೈಯರಿನ ಖಾನೆಗೆ, ಸ್ಪೀಕರಿನ ಪೆಟ್ಟಿಗೆಗಲ್ಲ. ಸ್ಪೀಕರ್ ಪೆಟ್ಟಿಗೆಯೊಳಗೆ ಸೆರೆಯಾದ ಗಾಳಿಯೇ ಅದರ ಮಂದ್ರಕ್ಕೆ ಆಧಾರ. ಅದರಲ್ಲಿರುವ ಕೊಳವೆಯ ಉದ್ದ, ಅಗಲ ಎಲ್ಲವೂ ಲೆಕ್ಕ ಹಾಕಿ ಮಾಡಿದ್ದು. ಅಲ್ಲಿ ತೂತು ಕೊರೆದರೆ ಡೊಳ್ಳಿನ ಪೆಟ್ಟು ಸತ್ತುಹೋಗುತ್ತದೆ. ಸಬ್‌ವೂಫರಿನೊಳಗೇ ಆಂಪ್ಲಿಫೈಯರು ಇರುವ ಸೆಟ್ಟುಗಳಲ್ಲಿ ಬೆನ್ನಿನ ಲೋಹದ ತಟ್ಟೆಯ ಮೂಲಕ ಕಾವು ಹೊರಹೋಗುತ್ತದೆ, ಅದನ್ನು ಗೋಡೆಯಿಂದ ಒಂದು ಗೇಣು ದೂರ ನಿಲ್ಲಿಸಿದರೆ ಸಾಕು. ಹಾಗೆಯೇ ಜಾಗ ಉಳಿಯಿತೆಂದು ಇನ್ವರ್ಟರಿನ ಬ್ಯಾಟರಿಯನ್ನು ಶೋಕೇಸಿನ ಕೆಳಖಾನೆಯಲ್ಲಿ ಮುಚ್ಚಿಡಬೇಡಿ. ಸೀಸ–ಆಮ್ಲದ ಬ್ಯಾಟರಿ ಚಾರ್ಜಾಗುವಾಗ ಹೈಡ್ರೋಜನ್ ಬಿಡುತ್ತದೆ. ಕಿಡಿ ತಾಗಿದರೆ ಅದು ಹೊತ್ತಿಕೊಳ್ಳುವ ಅನಿಲ.

ಇನ್ನು ಕೈಗೆ ದಾರಿ. ಒಂದು ವೈರು ಬದಲಿಸಲು ಇಡೀ ಶೋಕೇಸನ್ನು ಇಬ್ಬರು ಎಳೆಯಬೇಕಾದ ಮನೆಯಲ್ಲಿ ಆ ವೈರು ಬದಲಾಗುವುದೇ ಇಲ್ಲ. ಒಂದು ಕಡೆಯ ಸ್ಪೀಕರು ಸತ್ತಿದ್ದರೂ ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ಬಡಿಗೇರರು ನಮ್ಮಲ್ಲಿ ಮಾಡಿದ ಉಪಾಯ ಸರಳ: ಸೆಟ್ಟುಗಳು ಕೂರುವ ಹಲಗೆಯನ್ನೇ ಡ್ರಾಯರಿನ ಚಾನೆಲ್ ಮೇಲೆ ಕೂರಿಸಿದರು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಗುಂಡು ಬೇರಿಂಗಿನ ಅಗಲವಾದ ಚಾನೆಲ್ ಜೊತೆಯೊಂದು ಸಾಮಾನ್ಯವಾಗಿ 35–45 ಕೆ.ಜಿ. ಹೊರುತ್ತದೆ. ಆಂಪ್ಲಿಫೈಯರು, ಡೆಕ್ಕು ಎರಡೂ ಸೇರಿದರೂ ಅದರ ಅರ್ಧ ತೂಕ ಆಗುವುದಿಲ್ಲ. ಹಲಗೆಯನ್ನು ಮುಂದಕ್ಕೆಳೆದರೆ ಸೆಟ್ಟಿನ ಬೆನ್ನು ಹೊರಗೆ ಬರುತ್ತದೆ, ಕೂತಲ್ಲೇ ಜ್ಯಾಕ್ ಹಾಕಬಹುದು. ಇದಕ್ಕೆ ವೈರುಗಳಲ್ಲಿ ಹಲಗೆ ಚಾಚುವಷ್ಟು ಸಡಿಲು ಬಿಟ್ಟು, ಅದನ್ನು ಒಂದು ಸುತ್ತು ಸುತ್ತಿ ಹಲಗೆಯ ಮೂಲೆಗೆ ಕಟ್ಟಬೇಕು. ಬಿಗಿ ಇದ್ದರೆ ಎಳೆದಾಗ ಸಾಕೆಟ್ಟೇ ಕಿತ್ತುಬರುತ್ತದೆ. ಪ್ರತಿ ವೈರಿನ ಎರಡೂ ತುದಿಗೆ ಹೆಸರು ಬರೆದ ಬಿಳಿ ಟೇಪು ಸುತ್ತಿರಿ. ಕನ್ನಡದಲ್ಲೇ ಬರೆಯಿರಿ, ಮನೆಯ ಯಾರು ಬೇಕಾದರೂ ಓದಿ ಜೋಡಿಸುವಂತಿರಲಿ. 230 ವೋಲ್ಟಿನ ವೈರುಗಳನ್ನು ಒಂದು ಬದಿಗೆ, ದನಿಯ ವೈರುಗಳನ್ನು ಇನ್ನೊಂದು ಬದಿಗೆ ಒಯ್ದರೆ ಸ್ಪೀಕರಿನಲ್ಲಿ ಕೇಳುವ 50 ಹರ್ಟ್ಸಿನ ಹಮ್ ಸದ್ದು ಕಡಿಮೆಯಾಗುತ್ತದೆ. ಗೋಡೆಯೊಳಗಿನ ಗೂಡಾಗಿದ್ದರೆ ಹಿಂದೆ ದಾರಿ ಇಲ್ಲವೇ ಇಲ್ಲ; ಅಲ್ಲಿ ಈ ಜಾರುಹಲಗೆ ಬಿಟ್ಟರೆ ಬೇರೆ ಉಪಾಯ ನನಗೆ ಕಾಣುವುದಿಲ್ಲ. ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಯನ್ನು ಜಾಲರಿಯಾಗಿಸಿ ಗಾಳಿಯನ್ನು ಮುಂಬದಿಯಿಂದಲೇ ಆಡಿಸಬೇಕು.

ಬೆನ್ನಿನ ಪ್ಲೈವುಡ್ಡನ್ನು ಬಿಜಾಗ್ರಿ ಹಚ್ಚಿ ಬಾಗಿಲು ಮಾಡಿಸುವುದು ಇನ್ನೊಂದು ದಾರಿ. ಹಗುರವಾದ ಶೋಕೇಸಿಗೆ ಚಕ್ರ ಹಾಕಿಸಿದರೆ ಇದು ಚೆನ್ನಾಗಿ ಒಗ್ಗುತ್ತದೆ. ಸಾಗವಾನಿಯ ಭಾರದ ಶೋಕೇಸಾದರೆ ಚಕ್ರ ಬೇಡ, ನೆಲದ ಗಚ್ಚು ಕಿತ್ತುಬರುತ್ತದೆ. ಹೊಸದಾಗಿ ಮಾಡಿಸುವವರು ಅಗ್ಗವೆಂದು ಪಾರ್ಟಿಕಲ್ ಬೋರ್ಡಿಗೆ ಹೋಗಬೇಡಿ. ಅದಕ್ಕೆ ಸೀಳು ಕೊಯ್ದರೆ ಅಂಚು ಉದುರುತ್ತದೆ, ಸ್ಕ್ರೂ ಎರಡನೆಯ ಸಲ ಹಿಡಿಯುವುದಿಲ್ಲ.

ನಮ್ಮಲ್ಲಿ ಆಯುಧ ಪೂಜೆಗೆ ಮನೆಯ ಯಂತ್ರಗಳನ್ನೆಲ್ಲ ಒರೆಸಿ ವಿಭೂತಿ, ಕುಂಕುಮ ಹಚ್ಚುತ್ತೇವೆ. ಆ ದಿನ ಸೆಟ್ಟಿನ ಮುಖ ಮಾತ್ರ ಒರೆಸಿ ಬಿಡದೆ ಹಲಗೆ ಎಳೆದು, ಪ್ಲಗ್ಗು ತೆಗೆದು, ಜಾಲರಿ ತೊಳೆದು, ಹೀಟ್‌ಸಿಂಕಿನ ಧೂಳನ್ನು ಬಣ್ಣದ ಕುಂಚದಲ್ಲಿ ಗುಡಿಸಿದರೆ ಮಳೆಗಾಲದ ಕಸ ಹೋಗುತ್ತದೆ. ಇನ್ನೊಮ್ಮೆ ಶಿವರಾತ್ರಿಯ ಹೊತ್ತಿಗೆ, ಬಿಸಿಲು ಏರುವ ಮೊದಲು. ಎರಡು ಸಲ ಸಾಕು. ಮೇಲಿನ ಮುಚ್ಚಳವನ್ನು ಬಿಚ್ಚುವುದಾದರೆ ಪ್ಲಗ್ಗು ತೆಗೆದ ತಕ್ಷಣ ಕೈ ಹಾಕಬೇಡಿ, ದೊಡ್ಡ ಕೆಪಾಸಿಟರುಗಳಲ್ಲಿ ಸ್ವಲ್ಪ ಹೊತ್ತು ವಿದ್ಯುತ್ತು ಉಳಿದಿರುತ್ತದೆ. ವಾಲ್ವ್ ಸೆಟ್ಟಾದರೆ ಅದು ಪ್ರಾಣಕ್ಕೇ ಅಪಾಯ, ತಿಳಿದವರೇ ಬಿಚ್ಚಲಿ.

ಫೋನಿನಲ್ಲೇ ಎಲ್ಲ ಹಾಡೂ ಸಿಗುವಾಗ ಈ ಹಳೆಯ ಸೆಟ್ಟುಗಳಿಗೆ ಇಷ್ಟೆಲ್ಲ ಯಾಕೆ ಎಂದು ಮನೆಯ ಹುಡುಗರು ಕೇಳುತ್ತಾರೆ. ಎಲ್ಲ ಹಾಡೂ ಸಿಗುವುದಿಲ್ಲ ಎಂಬುದೇ ಅದಕ್ಕೆ ಉತ್ತರ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ಟು ನಮ್ಮ ಹಳ್ಳಿಗಳಿಗೆ ತಲುಪಿದಾಗ ಜನ ಸಿನಿಮಾ ಹಾಡು ಕೇಳಿದ್ದು ನಿಜ, ಗುರುರಾಜ ಹೊಸಕೋಟಿಯವರ ಜಾನಪದ ಗೀತೆ ಕೇಳಿದ್ದೂ ನಿಜ. ಅದರ ಜೊತೆ ಖಾಲಿ ಕ್ಯಾಸೆಟ್ಟು ಹಾಕಿ ತಮ್ಮ ಊರಿನದನ್ನೂ ತುಂಬಿಕೊಂಡರು. ರಾತ್ರಿಯಿಡೀ ನಡೆದ ಬಯಲಾಟ, ಭಜನಾ ಮೇಳದ ತತ್ವಪದ, ಕಣದಲ್ಲಿ ಹೇಳಿದ ಹಂತಿ ಪದ, ಮದುವೆಮನೆಯ ಸೋಬಾನೆ, ಮೈಲಾರದ ಜಾತ್ರೆಯ ಗೊರವರ ಹಾಡು, ಸೌದಿಗೋ ಮಂಗಳೂರಿಗೋ ದುಡಿಯಲು ಹೋದ ಮಗನಿಗೆ ಕಾಗದದ ಬದಲು ಕಳಿಸಿದ ಮಾತು. ಎಂ.ಪಿ. ಪ್ರಕಾಶರು ರಂಗಭಾರತಿ ಎಂಬ ರಂಗಸಂಸ್ಥೆ ಕಟ್ಟಿದ ಹಡಗಲಿಯಂಥ ಊರಲ್ಲಿ, ನಾಟಕವಿಲ್ಲದೆ ಸುಗ್ಗಿ ಕಳೆಯದ ಹರಪನಹಳ್ಳಿ ಸೀಮೆಯಲ್ಲಿ ಇಂಥ ಕ್ಯಾಸೆಟ್ಟುಗಳು ಹುಡುಕಿದರೆ ಸಿಗುತ್ತವೆ. ಇವು ಯಾವ ಕಂಪನಿಯೂ ಮಾರಿದವಲ್ಲ, ಯಾವ ಫೋನಿನಲ್ಲೂ ಇಲ್ಲ. ಲೋಕದಲ್ಲಿ ಒಂದೊಂದೇ ಪ್ರತಿ. ಆ ಹಾಡುಗಾರರಲ್ಲಿ ಬಹಳ ಮಂದಿ ಈಗಿಲ್ಲ.

ಆ ಕ್ಯಾಸೆಟ್ಟುಗಳನ್ನು ಸಾಮಾನ್ಯವಾಗಿ ಆಂಪ್ಲಿಫೈಯರಿನ ನೇರ ಮೇಲಿನ ಖಾನೆಯಲ್ಲೇ ಜೋಡಿಸಿರುತ್ತಾರೆ, ಅಂದರೆ ಬಿಸಿಗಾಳಿ ಹೋಗಿ ಸೇರುವ ಜಾಗದಲ್ಲಿ. ಟೇಪಿನ ಅಗಲ ನಾಲ್ಕು ಮಿಲಿಮೀಟರೂ ಇಲ್ಲ. ಅದರ ಮೇಲಿನ ಆಯಸ್ಕಾಂತದ ಪುಡಿಯನ್ನು ಹಿಡಿದಿರುವುದು ಒಂದು ಬಗೆಯ ಅಂಟು. ಕಾವು, ತೇವ ಎರಡೂ ಅದಕ್ಕೆ ಶತ್ರು. ಡೆಕ್ಕಿನೊಳಗಿನ ರಬ್ಬರ್ ಬೆಲ್ಟೂ ವರ್ಷಗಟ್ಟಲೆ ಕಾವಿನಲ್ಲಿದ್ದರೆ ಮೆತ್ತಗಾಗಿ ಡಾಂಬರಿನಂತೆ ಅಂಟುತ್ತದೆ. ಹಾಗಾಗಿ ಕ್ಯಾಸೆಟ್ಟುಗಳನ್ನು ಶೋಕೇಸಿನ ಬದಿಯ ಕೆಳಖಾನೆಗೆ, ಸ್ಪೀಕರಿನ ಆಯಸ್ಕಾಂತದಿಂದ ಎರಡಡಿ ದೂರಕ್ಕೆ ಸರಿಸಿ. ಎಲ್.ಪಿ. ತಟ್ಟೆಗಳಿದ್ದರೆ ಅವನ್ನೂ ಅಲ್ಲೇ, ಮಲಗಿಸದೆ ನೇರ ನಿಲ್ಲಿಸಿ.

ಜಾರುಹಲಗೆ ಮಾಡಿಸಿದ ಮೇಲೆ ಮುಂದಿನ ಕೆಲಸ ಕಷ್ಟವಲ್ಲ. ಹೊಸ ಬೆಲ್ಟು ಹಾಕಿಸಿ, ಡೆಕ್ಕಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಹಿಂದಿನ ಲೈನ್ ಔಟ್ ಸಾಕೆಟ್ಟಿನಿಂದ ಕಂಪ್ಯೂಟರಿಗೆ ಒಂದು ವೈರು ಕೊಟ್ಟು, ಕ್ಯಾಸೆಟ್ಟು ಓಡಿದಷ್ಟು ಹೊತ್ತು ರೆಕಾರ್ಡ್ ಮಾಡುವುದು. ಅವಸರದ ದಾರಿಯಿಲ್ಲ, ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಅರವತ್ತು ನಿಮಿಷ ಕೂರಬೇಕು. ದನಿ ಮಂಕಾಗಿ ಕೇಳಿದರೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿ, ತುಂಬಿದ ಡೆಕ್ಕಿನ ಹೆಡ್ಡು ಯಾವ ಕೋನದಲ್ಲಿತ್ತೋ ಆ ಕೋನಕ್ಕೆ ತರಬೇಕು. ತಾಳದ ಸದ್ದು ಸ್ಪಷ್ಟವಾಗುವುದೇ ಗುರುತು. ಕಡತವನ್ನು ಕುಗ್ಗಿಸದೆ ವೇವ್ ರೂಪದಲ್ಲೇ ಉಳಿಸಿ, ಎರಡು ಬೇರೆ ಬೇರೆ ಮನೆಗಳಲ್ಲಿ ಒಂದೊಂದು ಪ್ರತಿ ಇಡಿ. ಮೊದಲು ಊರಿನ ಕ್ಯಾಸೆಟ್ಟುಗಳು, ಅಂಗಡಿಯಲ್ಲಿ ಕೊಂಡವು ಆಮೇಲೆ. ರೆಕಾರ್ಡ್ ಮಾಡುವಾಗ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಭಾಗವತಿಕೆ ಯಾರದು, ಮದ್ದಳೆ ಯಾರದು, ಯಾವ ಊರಿನ ಆಟ, ಯಾವ ವರ್ಷದ ಜಾತ್ರೆ ಎಂಬುದನ್ನು ಅವರ ಬಾಯಿಂದ ಕೇಳಿ ಕಡತದ ಹೆಸರಿನಲ್ಲೇ ಬರೆಯಿರಿ.